ಎಪ್ಪತ್ತೆರಡೇ ಕಿಲೋಮೀಟರು

ಒಂದು ನಿಮಿಷ ಮುಂಚೆಯೂ ಅಲ್ಲ, ಒಂದು ನಿಮಿಷ ತಡವಾಗಿಯೂ ಅಲ್ಲ, ವಿಮಾನದಿಂದಿಳಿದ ಅತ್ತೆಯನ್ನು ಸರಿಯಾದ ಕ್ಷಣಕ್ಕೆ ಬರಮಾಡಿಕೊಂಡ ಮೊದಲ ಅಳಿಯನೆಂದು ಇತಿಹಾಸ ಸೇರಲು ನಾನು ತೀರ್ಮಾನಿಸಿಬಿಟ್ಟೆ!

ನಮ್ಮತ್ತೆ ಕರೀಮುನ್ನೀಸಾ ಮೂಡಿಗೆರೆಯಾಚೆ ಒಬ್ಬರೇ ಹೋದವರಲ್ಲ. ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಡುವಾಗ ಕೇಳಿದ್ದು ಒಂದೇ: "ವಾಪಸ್ ಇಳಿದಾಗ ಯಾರಾದ್ರೂ ಇರ್ತೀರಲ್ಲ?" ಎದೆ ತಟ್ಟಿ ಮಾತು ಕೊಟ್ಟವನು ನಾನು, ಬಣಕಲ್‌ನ ಕಾಳುಮೆಣಸಿನ ವ್ಯಾಪಾರಿ ರಜಾಕ್.

ಎರಡು ಊರಿನ ಹೆಸರು ಕೊಟ್ಟರೆ ದೂರ ಹೇಳುವ ಪುಟವೊಂದು ಮೊಬೈಲಿನಲ್ಲಿ ಸಿಕ್ಕಿತು. ಜಿದ್ದಾದಿಂದ ಮಂಗಳೂರಿಗೆ ಮೂರು ಸಾವಿರದ ಒಂಬೈನೂರು ಕಿಲೋಮೀಟರು, ಐದೂವರೆ ಗಂಟೆ. ವಿಮಾನ ಹೊರಡುವುದು ಅಲ್ಲಿಯ ರಾತ್ರಿ ಒಂದಕ್ಕೆ; ಎರಡು ದೇಶಗಳ ಗಡಿಯಾರದ ವ್ಯತ್ಯಾಸವನ್ನೂ ಕೂಡಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ನೆಲಕ್ಕೆ! ಅದೇ ಹುರುಪಿನಲ್ಲಿ ಅದೇ ಪುಟದಲ್ಲಿ ಬಣಕಲ್‌ನಿಂದ ಮಂಗಳೂರು ವಿಮಾನ ನಿಲ್ದಾಣದ ದೂರವನ್ನೂ ಅಳೆದೆ. ಎಪ್ಪತ್ತೆರಡು!

"ಏಳೂವರೆಗೆ ಹೊರಟರೆ ಧಾರಾಳ" ಎಂದೆ.

ನನ್ನ ಹೆಂಡತಿ ಫರ್ಹತ್ ದೋಸೆ ಮಗುಚುವುದನ್ನು ನಿಲ್ಲಿಸಿದಳು. "ನೂರಾ ಹತ್ತು ಇತ್ತಲ್ರೀ. ಯಾವಾಗ ಕಮ್ಮಿ ಆಯ್ತು?"

"ಅದು ಬಸ್ಸಿನವರ ಲೆಕ್ಕ. ಇದು ಉಪಗ್ರಹದ್ದು."

"ನಿಮ್ಮ ಉಪಗ್ರಹ ಒಂದ್ಸಲನಾದ್ರೂ ಚಾರ್ಮಾಡಿ ಇಳಿದಿದ್ಯಾ? ಬೆಳಗಿನ ನಮಾಜು ಮುಗಿಸಿ ಹೊರಡಿ ಮಾರಾಯ್ರೆ."

ಚಾರ್ಮಾಡಿ ಘಾಟಿಯ ಪ್ರತಿ ತಿರುವಿನಲ್ಲೂ ವಾಂತಿ ಮಾಡಿ ಬೆಳೆದವನು ನಾನು. ಆದರೆ ಮೊಬೈಲೇ ಎಪ್ಪತ್ತೆರಡು ಎಂದ ಮೇಲೆ ಹೊಟ್ಟೆಯ ಸಾಕ್ಷಿ ಯಾರಿಗೆ ಬೇಕು?

ಮರುದಿನ ಎಂಟಕ್ಕೆ ಘಾಟಿಯ ಮೂರನೇ ತಿರುವು. ಅಲ್ಲೊಂದು ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಮೊಬೈಲಿನಲ್ಲಿ ಅತ್ತೆಯ ವಿಮಾನ ಅರಬ್ಬೀ ಸಮುದ್ರದ ಮೇಲೆ ಇರುವೆಯಂತೆ ಸಾಗುತ್ತಿತ್ತು. ಸಿಗ್ನಲ್ ಹೋಯಿತು, ವಿಮಾನ ಅಲ್ಲೇ ನಿಂತಿತು. ಹತ್ತಾಯಿತು, ಹನ್ನೆರಡಾಯಿತು, ಪರದೆಯಲ್ಲಿ ಅತ್ತೆ ಇನ್ನೂ ನಡುಸಮುದ್ರದಲ್ಲೇ!

ಮುಂದಿನ ಜೀಪಿನ ಡ್ರೈವರ್ ಓಂಕಾರಪ್ಪ ನನ್ನ ಗೋಳು ಕೇಳಿ, ಮೊಬೈಲಿನಲ್ಲಿ ಉಳಿದಿದ್ದ ಆ ಪುಟದ ಎಪ್ಪತ್ತೆರಡರ ನಕ್ಷೆ ನೋಡಿದರು. ಬಣಕಲ್‌ನಿಂದ ಮಂಗಳೂರಿಗೆ ಸ್ಕೇಲಿಟ್ಟು ಎಳೆದಂಥ ಗೆರೆ.

"ಸಾಹೇಬ್ರೆ, ಇದು ವಿಮಾನ ಹೋಗೋ ದಾರಿ. ನಿಮ್ಮ ಕಾರು ಗುಡ್ಡದ ಮೇಲೆ ಹಾರ್ತದಾ?"

ನಾನು ಮೊಬೈಲನ್ನು ಜೇಬಿನೊಳಗೆ ಹೂತಿಟ್ಟೆ.

ಎರಡು ಗಂಟೆಗೆ ಲಾರಿಯನ್ನು ಬದಿಗೆ ಎಳೆದು, ಮೇಲೆ ಬರುವ ವಾಹನಗಳನ್ನು ಮೊದಲು ಬಿಟ್ಟರು. ಬಸ್ಸೊಂದು ನನ್ನ ಪಕ್ಕದಲ್ಲೇ ನಿಧಾನವಾಯಿತು. ಕಿಟಕಿಯಲ್ಲಿ ಅತ್ತೆ!

"ಒಂದು ಗಂಟೆ ಕಾದೆ, ನಿಮ್ಮ ಫೋನು ಸಿಗ್ಲಿಲ್ಲ. ಕೇಳ್ಕೊಂಡು ಕೇಳ್ಕೊಂಡು ಬಸ್ಸು ಹತ್ತಿದೆ" ಎಂದರು ಶಾಂತವಾಗಿ. "ನೀವು ಇಲ್ಲಿ ಎಷ್ಟೊತ್ತಿಂದ?"

"ಎಂಟಕ್ಕೆ ಬಂದು ನಿಂತೋನು, ಆರು ಗಂಟೆ ಹೊತ್ತು ಇಲ್ಲೇ ಇದ್ದೀನಿ ಅತ್ತೆ."

"ಅಷ್ಟೊತ್ತಲ್ಲಿ ವಿಮಾನದೋರು ಸಮುದ್ರ ದಾಟಿಸಿ, ಊಟನೂ ಕೊಟ್ಟು, ಇಳಿಸಿದ್ರು."

"ಇಳೀರಿ, ಕಾರಲ್ಲಿ ಹೋಗೋಣ."

"ನಿಮ್ಮ ಕಾರಿನ ಮೂತಿ ಮಂಗಳೂರಿನ ಕಡೆಗಿದೆ. ನಾನು ಅಲ್ಲಿಂದಲೇ ಬಂದಿದ್ದು."

ನಿಜ. ಕಾರು ತಿರುಗಿಸಲು ಜಾಗ ಸಿಗಬೇಕಾದರೆ ಘಾಟಿ ಪೂರ್ತಿ ಇಳಿಯಬೇಕಿತ್ತು. ಬಸ್ಸು ಹೊರಟಿತು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಪಕ್ಕದಲ್ಲಿ ನಿಂತಿದ್ದ ಓಂಕಾರಪ್ಪನವರಿಗೆ ಹೇಳಿದರು:

"ಇವರು ನಮ್ಮ ಅಳಿಯ. ಒಬ್ರೇ ಇದ್ದಾರೆ, ಕೆಳಗೆ ಮುಟ್ಟೋ ತನಕ ಸ್ವಲ್ಪ ನೋಡ್ಕೊಳ್ಳಿ."