ನಿರ್ದೇಶಕರ ಕಿವಿಗೂದಲಿನ ವಿಲೇವಾರಿ

ತೂಕ ಮತ್ತು ಅಳತೆ ಕಚೇರಿಯಲ್ಲಿ ಸಿಬ್ಬಂದಿಯ ಅನಗತ್ಯ ರೋಮಗಳನ್ನು ಸೇವಾ ಜ್ಯೇಷ್ಠತೆಯ ಪ್ರಕಾರವೇ ತೆಗೆಯತಕ್ಕದ್ದು. ಸಿಬ್ಬಂದಿ ಕಲ್ಯಾಣ ನಿಧಿಯಿಂದ ಲೇಸರ್ ಯಂತ್ರ ಬಂದಿಳಿದ ದಿನವೇ ಈ ನಿಯಮ ಜಾರಿಗೆ ಬಂತು. ಅದರ ಪ್ಲಗ್ ಸಿಕ್ಕಿಸಲು ಗೋಡೆಯಲ್ಲಿ ಜಾಗ ಹುಡುಕಿದ್ದು ಆಮೇಲೆ.

ಮೊದಲ ಸರದಿ ನಿರ್ದೇಶಕರದ್ದು. ಅವರ ಎರಡೂ ಕಿವಿಗಳಿಂದ ಬೆಳ್ಳನೆಯ ಕೂದಲು ಹತ್ತಿಯಂತೆ ಹೊರಗಿಣುಕುತ್ತಿತ್ತು. ಕಡೆಯ ಸರದಿ ಕೌಂಟರಿನ ಗುಮಾಸ್ತೆಯದು. ತಕ್ಕಡಿಗೆ ಮುದ್ರೆ ಹಾಕಿಸಲು ಬಂದ ಅಂಗಡಿಯವನೊಬ್ಬ ಅವಳ ಗದ್ದದ ಮೇಲಿನ ಕಪ್ಪು ಕೂದಲು ನೋಡಿ "ಏನಣ್ಣಾ" ಎಂದಿದ್ದ. ಕಚೇರಿಯ ಘನತೆಗೆ ಕುಂದಾಯಿತೆಂದು ಅವಳನ್ನು ನೆಲಮಾಳಿಗೆಗೆ, ತುಕ್ಕು ಹಿಡಿದ ತೂಕದ ಬಟ್ಟುಗಳ ಕೋಣೆಗೆ ವರ್ಗಾಯಿಸಲಾಯಿತು. ಗದ್ದ ನುಣುಪಾದ ದಿನ ಕೌಂಟರಿಗೆ ಮರಳಬಹುದೆಂದು ಆದೇಶದಲ್ಲಿತ್ತು. ಜನರ ಜತೆ ಮಾತಾಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಬಟ್ಟುಗಳು ಮಾತಾಡುವುದಿಲ್ಲ.

ಯಂತ್ರ ನಡೆಸಲು ಬಂದ ಚರ್ಮವೈದ್ಯೆ ನಿರ್ದೇಶಕರ ಕಿವಿ ನೋಡಿ ಕೈಚೆಲ್ಲಿದರು.

"ಸಾರ್, ಕೂದಲಲ್ಲಿರೋ ಕಪ್ಪು ಬಣ್ಣ ಲೇಸರಿನ ಬೆಳಕನ್ನ ಹೀರ್ಕೊಂಡು ಬಿಸಿಯಾಗುತ್ತೆ. ಆ ಬಿಸಿ ಬೇರನ್ನ ಸುಡುತ್ತೆ. ಬಿಳಿ ಕೂದಲಲ್ಲಿ ಹೀರೋದಕ್ಕೆ ಬಣ್ಣಾನೇ ಇಲ್ಲ."

"ಬಣ್ಣ ತಾನೇ? ಹಚ್ಚಿಸೋಣ," ಎಂದರು ಅಧೀಕ್ಷಕರು.

"ಹಚ್ಚಿದ್ದು ಮೇಲ್ಗಡೆ ಇರುತ್ತೆ. ಬೇರು ಬೆಳ್ಳಗೇ ಇರುತ್ತೆ."

"ಬೇರಿಗೆ ಒಂದು ನೋಟಿಸ್ ಕೊಟ್ಟು ನೋಡೋಣವೇ?"

ನಿರ್ದೇಶಕರು ನಿಟ್ಟುಸಿರಿಟ್ಟರು. "ನನ್ನದು ಮುಗಿಯದೆ ಮುಂದಿನವರ ಸರದಿ ಹೇಗೆ ಬರುತ್ತೆ?"

ಅಧೀಕ್ಷಕರು ನಿಯಮಾವಳಿ ತೆರೆದರು. ಮೇಲಧಿಕಾರಿಗೆ ಅನಾನುಕೂಲವಾದಲ್ಲಿ ಅವರ ಪರವಾಗಿ ಕಿರಿಯ ನೌಕರರು ಹಾಜರಾಗಬಹುದು. ಅದನ್ನು ಬರೆದದ್ದು ಸಭೆಗಳಿಗಾಗಿ. ಕೂದಲಿಗೆ ಅನ್ವಯಿಸುವುದಿಲ್ಲವೆಂದು ಎಲ್ಲೂ ಹೇಳಿರಲಿಲ್ಲ.

"ಎಂಥ ಕೂದಲು ಬೇಕು ಡಾಕ್ಟ್ರೇ?"

"ಕಪ್ಪಗೆ, ದಪ್ಪಗೆ."

ಎಲ್ಲರೂ ಒಟ್ಟಿಗೆ ನೆಲದ ಕಡೆ ನೋಡಿದರು. ಗುಮಾಸ್ತೆ ಅದರ ಕೆಳಗೇ ಕೂತಿದ್ದಳು.

ವೈದ್ಯೆ ಕೆಳಗಿಳಿದು ಹೋಗಿ, ಅವಳು ಗದ್ದದ ಕೂದಲು ಕೀಳುತ್ತಿದ್ದ ಚಿಮುಟವನ್ನು ಕಿತ್ತುಕೊಂಡರು. "ಇನ್ನು ಕೀಳಬೇಡ ತಾಯಿ. ಬೇರೇ ಇಲ್ಲದಿದ್ರೆ ಲೇಸರ್ ಏನನ್ನ ಸುಡಬೇಕು? ರೇಜರಲ್ಲಿ ಬೋಳಿಸ್ಕೊಂಡು ಬಾ."

"ಒಂದೇ ಸಲಕ್ಕೆ ಹೋಗಲ್ವಾ?"

"ಬೆಳೀತಾ ಇರೋದಕ್ಕೆ ಮಾತ್ರ ಏಟು ಬೀಳುತ್ತೆ. ಮಲಗಿರೋದು ಏಳೋತನಕ ಕಾಯ್ಬೇಕು. ಕೆಲವು ವಾರ ಬಿಟ್ಟು ಬಿಟ್ಟು ಬರ್ತಿರು."

"ನಮ್ಮ ಕಚೇರಿ ಥರಾನೇ ಅನ್ನಿ."

ಪ್ರತಿಸಲವೂ ಅವಳು "ನಿರ್ದೇಶಕರ ಪರವಾಗಿ" ಎಂದು ಸಹಿ ಮಾಡಿ, ಕಪ್ಪು ಕನ್ನಡಕ ಹಾಕಿ ಮಲಗಿದಳು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಎನ್ನುತ್ತಿತ್ತು. "ಅಯ್ಯಪ್ಪಾ" ಎನ್ನುವುದನ್ನು ಮಾತ್ರ ಅವಳು ಸ್ವಂತ ಪರವಾಗಿ ಎನ್ನುತ್ತಿದ್ದಳು. ಕೂದಲು ತೆಳುವಾಯಿತು, ವಿರಳವಾಯಿತು, ಕೊನೆಗೆ ಕಾಣದಾಯಿತು. ಪ್ರಕಟಣೆ ಹೊರಬಿತ್ತು: "ನಿರ್ದೇಶಕರ ಕಿವಿಗಳು ಈ ದಿನದಿಂದ ರೋಮರಹಿತವಾಗಿರುತ್ತವೆ. ಸಿಬ್ಬಂದಿಯು ಅವುಗಳನ್ನು ಹಾಗೆಯೇ ನೋಡತಕ್ಕದ್ದು."

ಸಿಬ್ಬಂದಿ ಹಾಗೆಯೇ ನೋಡಿದರು. ಹತ್ತಿ ಮಾತ್ರ ಇದ್ದಲ್ಲೇ ಇತ್ತು.

ಗುಮಾಸ್ತೆ ಮೆಟ್ಟಿಲು ಹತ್ತಿ ಬಂದಳು. "ಸಾರ್, ಕೌಂಟರಿಗೆ ಹೋಗ್ಲಾ?"

"ಅದು ಹೇಗಮ್ಮಾ? ನಿನ್ನ ಸರದಿಯೇ ಬಂದಿಲ್ಲ," ಎಂದರು ಅಧೀಕ್ಷಕರು. "ದಾಖಲೆ ಪ್ರಕಾರ ನಿನಗೆ ಗಡ್ಡ ಇದೆ."

"ಇಲ್ಲಿ ನೋಡಿ, ಒಂದಾದ್ರೂ ಇದೆಯಾ?"

"ಆ ನುಣುಪು ಸಾಹೇಬ್ರ ಕಿವೀದು. ನಿನ್ನದಲ್ಲ."

ಅವಳು ಗದ್ದ ಸವರಿಕೊಂಡಳು. "ಹಂಗಾದ್ರೆ ಸಾಹೇಬ್ರ ಕಿವೀನ ಕೆಳಗಡೆ, ತುಕ್ಕಿನ ಮಧ್ಯೆ ಇಟ್ಟಿದ್ದೀರಲ್ಲ ಸಾರ್. ಅವರಿಗೆ ಗೊತ್ತಾ ಇದು?"

ಅಧೀಕ್ಷಕರು ದಡಕ್ಕನೆ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ಅಯ್ಯೋ, ಮೊದಲೇ ಹೇಳಬಾರದೇನಮ್ಮಾ!"

ಅಂದೇ ಆದೇಶವಾಯಿತು. ಗದ್ದವನ್ನು ಸಕಲ ಗೌರವಗಳೊಂದಿಗೆ ಕೌಂಟರಿಗೆ ಸ್ಥಳಾಂತರಿಸತಕ್ಕದ್ದು. ಬಿಡಿಸಿ ಒಯ್ಯಲು ಆಗದ ಕಾರಣ ಗುಮಾಸ್ತೆಯ ಉಳಿದ ಭಾಗವೂ ಜೊತೆಗಿರಲು ಅಡ್ಡಿಯಿಲ್ಲ.

ಈಗ ತಕರಾರಿದ್ದವರು ಕೌಂಟರಿನ ಮೇಲೆ ಬಾಗಿ, ಅವಳ ಗದ್ದದ ಹತ್ತಿರ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಅದು ನಿರ್ದೇಶಕರ ಕಿವಿಗೆ ಬಿದ್ದಂತೆಯೇ ಪರಿಗಣಿಸಲಾಗುತ್ತದೆ. ಅವರ ಕೋಣೆಯ ಮುಂದೆ ಬೆಂಚು ಖಾಲಿ. ಇಷ್ಟು ಗಮನವಿಟ್ಟು ಕೇಳುವ ಅಧಿಕಾರಿ ಹಿಂದೆ ಇರಲಿಲ್ಲವೆಂದು ಜನ ಹೊಗಳುತ್ತಾರೆ. ಗುಮಾಸ್ತೆ ನಿರ್ದೇಶಕರ ಪರವಾಗಿ ನಾಚಿಕೊಳ್ಳುತ್ತಾಳೆ.