ಸರ್ಕಾರಿ ಕಾರಿನಲ್ಲಿ ಬಿಸಿಗಾಳಿ ಬಾರದಿರುವ ಬಗ್ಗೆ

ಇಲಾಖಾ ಉಪಕಚೇರಿ, ರಾಜಾಜಿನಗರ, ಬೆಂಗಳೂರು
ಸುತ್ತೋಲೆ ಸಂಖ್ಯೆ: ಬಿ.ಗಾ. 7/ಚಳಿ/56-57
ದಿನಾಂಕ: 9ನೇ ಜನವರಿ 1957

ವಿಷಯ: ಕಾರಿನ ಹೀಟರಿನಿಂದ ತಣ್ಣನೆಯ ಗಾಳಿ ಬಂದದ್ದು ಹಾಗೂ ಚಾಲಕ ಬೈರಯ್ಯನವರ ಮೇಲಿನ ಆರೋಪ.

ಉಲ್ಲೇಖ: (1) ಕಚೇರಿಗೆ ಸೇರಿದ ಎಲ್ಲ ನಲ್ಲಿಗಳನ್ನೂ ಒಂದು ವರ್ಷದವರೆಗೆ ಮುಚ್ಚುವ ನೀರು ಉಳಿತಾಯ ಆದೇಶ, 2ನೇ ಏಪ್ರಿಲ್ 1956.
(2) ಸಾಹೇಬರ ನೆಗಡಿ, 3ನೇ ಜನವರಿ 1957.

ಉಲ್ಲೇಖ (2)ರ ದಿನ ಬೆಳಿಗ್ಗೆ ಸಾಹೇಬರು ತಪಾಸಣೆಗೆಂದು ಕೆಂಗೇರಿಗೆ ಹೋಗುವಾಗ ಹೀಟರ್ ಹಾಕಿಸಲಾಗಿ, ತಣ್ಣನೆಯ ಗಾಳಿ ಬೀಸಿ, ಅವರು ಹದಿನಾರು ಸಲ ಸೀನಿರುತ್ತಾರೆ. ಹದಿನೆಂಟು ವರ್ಷಗಳಲ್ಲಿ ಒಂದು ಕೋಳಿಗೂ ಗಾಡಿ ತಾಗಿಸದ ಬೈರಯ್ಯನವರಿಂದ ಅಂದೇ ಕೀಲಿ ಪಡೆಯಲಾಯಿತು. ತಪ್ಪು ಸಾಬೀತಾದಲ್ಲಿ ಅವರನ್ನು ಎತ್ತಿನ ನೀರುಗಾಡಿಗೆ ಹಾಕಲಾಗುವುದೆಂದೂ ತಿಳಿಸಲಾಯಿತು. ಅಂದಿನಿಂದ ಅವರಿಗೆ ಊಟ ಸೇರುತ್ತಿಲ್ಲವೆಂದು ತಿಳಿದುಬಂದಿದ್ದು, ಕಚೇರಿಗೆ ನಿಜಕ್ಕೂ ಬೇಸರವಾಗಿದೆ. ಆದ್ದರಿಂದ ಸರ್ವರ ಗಮನಕ್ಕೆ ತರಲಾಗುವುದೇನೆಂದರೆ:

1. ಬೈರಯ್ಯನವರ ಹೇಳಿಕೆ ಅವರ ಬಾಯಿಂದ ಬಂದಂತೆಯೇ: "ಗಾಡಿಗೆ ಏನೂ ಆಗಿಲ್ಲ ಸ್ವಾಮಿ. ಇಂಜಿನ್ ಪಕ್ಕದ ನಲ್ಲಿ ಮುಚ್ಚೈತೆ. ಬಿಸ್ನೀರೇ ಹೀಟರಿಗೆ ಬರ್ದಿದ್ರೆ ಗಾಳಿ ಎಲ್ಲಿಂದ ಬಿಸಿಯಾಯ್ತದೆ? ಒಂದ್ಸಲ ತಿರುಗಿಸ್ಲಾ?"

2. ಹೇಳಿಕೆಯು ಸರಿಯಾಗಿಯೇ ಕಂಡರೂ, ವಿಚಾರಣೆಗೆ ಮೊದಲೇ ಕಾರಣ ತಿಳಿಸಿದ್ದರಿಂದ ಅದನ್ನು ತಿರಸ್ಕರಿಸಿ ಮೂವರ ಸಮಿತಿಯನ್ನು ನೇಮಿಸಲಾಗಿದೆ.

3. "ಬಿಸಿ" ಎಂದರೆ, ಕಚೇರಿಯ ಕಾಫಿ ಮಾಡುವ ನರಸಮ್ಮನವರು ಕೊಟ್ಟ ಲೋಟವನ್ನು ಪಂಚೆಯ ಅಂಚಿನಿಂದ ಹಿಡಿಯಬೇಕಾದಷ್ಟು ಶಾಖ. ಸಮಿತಿಯು ಈ ಅಳತೆಯನ್ನು ಏಳು ಸಲ ಕುಡಿದು ಖಚಿತಪಡಿಸಿಕೊಂಡಿದೆ.

4. ಇಂಜಿನ್ ಕಾದ ಮೇಲೆ ನಲ್ಲಿಯ ಈಚೆಗಿನ, ಇಂಜಿನ್ ಕಡೆಯ ಕೊಳವೆ ಮುಟ್ಟಲಾಗಿ ಕೈ ಸುಟ್ಟಿತು. ಆಚೆಗಿನ, ಹೀಟರ್ ಕಡೆಯ ಕೊಳವೆ ತಣ್ಣಗಿತ್ತು. ಎರಡನ್ನೂ ಕೂಡಿಸಿ ಭಾಗಿಸಿ, ಕಾರು ಉಗುರುಬೆಚ್ಚಗಿದೆ ಎಂದು ದಾಖಲಿಸಲಾಗಿದೆ.

5. ನಡುವೆ ಇರುವ ನಲ್ಲಿ ಮುಚ್ಚಿರುವುದನ್ನು ಆರನೆಯ ದಿನ ಸಮಿತಿಯು ಸ್ವತಃ ಕಂಡುಹಿಡಿದಿದೆ. ಯಾರು ಮುಚ್ಚಿದ್ದೆಂದು ಕೇಳಲಾಗಿ ಬೈರಯ್ಯನವರು ಜೇಬಿನಿಂದ ಉಲ್ಲೇಖ (1)ನ್ನು ತೆಗೆದು, "ನಾನೇ ಮುಚ್ಚಿದ್ದು. ಎಲ್ಲಾ ನಲ್ಲೀನೂ ಮುಚ್ಚು ಅಂತ ನೀವೇ ಬರ್ದಿದ್ರಲ್ಲ ಸ್ವಾಮಿ? ತಿರುಗಿಸ್ಲಾ ಅಂತ ಆರು ದಿನದಿಂದ ಕೇಳ್ತಾ ಇದೀನಿ," ಎಂದಿರುತ್ತಾರೆ.

6. ಸದರಿ ಆದೇಶದ ಸಹಿ ಯಾರದೆಂದು ತಿಳಿಯುವಂತಿಲ್ಲ. ಅಂಥದೇ ಸಹಿ ಈ ಸುತ್ತೋಲೆಯ ಕೆಳಗೂ ಇರುವುದರಿಂದ ವಿಚಾರಣೆಯನ್ನು ಇಲ್ಲಿಗೇ ಮುಕ್ತಾಯಗೊಳಿಸಲಾಗಿದೆ.

7. ಬೈರಯ್ಯನವರು ನಿರ್ದೋಷಿ. ಕೀಲಿಯನ್ನು ಹಿಂದಿರುಗಿಸಲಾಗಿದೆ. ಅವರು ಹೆಗಲ ಮೇಲಿನ ಟವೆಲಿನಿಂದ ಸ್ಟಿಯರಿಂಗನ್ನು ಒರೆಸಿ, ಅದರಿಂದಲೇ ಕಣ್ಣನ್ನೂ ಒರೆಸಿಕೊಂಡದ್ದನ್ನು ಕಚೇರಿಯು ಗಮನಿಸಿಲ್ಲ.

8. ನೀರು ಉಳಿತಾಯದ ವರ್ಷ ಮುಗಿಯದ ಕಾರಣ, ಸದರಿ ನಲ್ಲಿಯನ್ನು ಬರುವ ಏಪ್ರಿಲ್ 2ರಂದು ತೆರೆದು, ಬೇಸಿಗೆಯುದ್ದಕ್ಕೂ ತೆರೆದೇ ಇಡತಕ್ಕದ್ದು. ಅಲ್ಲಿಯವರೆಗೆ ಸಾಹೇಬರು ಸುಂಕದಕಟ್ಟೆಯ ಬೈರಯ್ಯನವರ ಮನೆಯ ಕಂಬಳಿಯನ್ನು ಹೊದ್ದು ಪ್ರಯಾಣಿಸಲು ಅನುಮತಿ ನೀಡಲಾಗಿದೆ.

(ಸಹಿ ಅಸ್ಪಷ್ಟ)
ವೆಂಕಟರಮಣಪ್ಪ
ಅಧೀಕ್ಷಕರು

ಪ್ರತಿಗಳು:
1. ಸಮಿತಿಯ ಮೂವರಿಗೆ, ಸುಟ್ಟ ಕೈಗೆ ಬೆಣ್ಣೆ ಹಚ್ಚಿಕೊಂಡ ನಂತರ ಓದಲು.
2. ನರಸಮ್ಮನವರಿಗೆ, ಸಮಿತಿ ಮುಗಿದಿದೆ ಎಂಬ ಸಮಾಧಾನಕ್ಕಾಗಿ.
3. ಕಂಬಳಿಯ ಕಡತಕ್ಕೆ.
4. ನಲ್ಲಿಗೆ, ಗೋಂದಿನಿಂದ ಅಂಟಿಸಲು. (ನಂತರ ಸೇರಿಸಿದ ಟಿಪ್ಪಣಿ: ಬೈರಯ್ಯನವರೊಬ್ಬರೇ ಹೋಗಿ ಅಂಟಿಸಿ ಬಂದಿದ್ದಾರೆ. ಅಂದಿನಿಂದ ಕಾರಿನೊಳಗೆ ಬೆಚ್ಚಗಿದ್ದು, ಇದನ್ನು ಈ ಸುತ್ತೋಲೆಯ ಫಲವೆಂದು ದಾಖಲಿಸಲಾಗಿದೆ.)