ಹಣೆಯ ಸ್ಟಿಕ್ಕರೂ ಕಂಡಕ್ಟರರ ಶನಿವಾರವೂ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಾರಿ, ಶಾಮಿಯಾನ, ಅಡುಗೆ ಕಂಟ್ರಾಕ್ಟು ಎಲ್ಲ ಸುತ್ತಿ ಈಗ ಮೈಸೂರಿನ ಒಂದು ಹೃದಯದ ಆಸ್ಪತ್ರೆಯಲ್ಲಿ ಟ್ರಾಲಿ ತಳ್ಳುತ್ತಿದ್ದೇನೆ. ಇಲ್ಲಿ ನಗು ಬರುವುದೇ ನಗಬಾರದ ಹೊತ್ತಿನಲ್ಲಿ. ವಿದ್ಯಾರಣ್ಯಪುರಂನ ರಿಟೈರ್ಡ್ ಬಸ್ ಕಂಡಕ್ಟರೊಬ್ಬರ ಕಥೆಯನ್ನೇ ಕೇಳಿ.

ನಾಮ

ಹೃದಯ ನಿಲ್ಲಿಸಿ ರಿಪೇರಿ ಮಾಡುವಾಗ ಮೆದುಳಿಗೆ ರಕ್ತ ಹೋಗುತ್ತಿದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಹಣೆಗೆ ಎರಡು ಸ್ಟಿಕ್ಕರ್ ಅಂಟಿಸುತ್ತಾರೆ. ಕಣ್ಣಿಗೆ ರಕ್ತ ಹೋಗುವುದನ್ನು ನೋಡಲು ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್. ಆದರೆ ಕಂಡಕ್ಟರರ ಹಣೆ ತುಂಬ ನಾಮ, ಸ್ಟಿಕ್ಕರಿಗೆ ಜಾಗವೇ ಇಲ್ಲ.

"ಅಳಿಸಿ" ಅಂದರು ಡಾಕ್ಟ್ರಮ್ಮ.

ಕಂಡಕ್ಟರರ ಹೆಂಡತಿ ಅಡ್ಡ ನಿಂತರು. "ನಮ್ ಬೀದಿಯೋರೊಬ್ರು ಆಪರೇಷನ್ ಆಗಿ ಎದ್ದು ಹೆಂಡ್ತೀನೇ ಯಾರು ಅಂದ್ರಂತೆ. ನಾಮ ಇಲ್ದೆ ಕಳ್ಸಲ್ಲ."

"ಸ್ಟಿಕ್ಕರ್ ಹಾಕೋದೂ ಅದಕ್ಕೇ ಕಣಮ್ಮ, ಹಂಗಾಗದೆ ಇರ್ಲಿ ಅಂತ" ಅಂದರು ಡಾಕ್ಟ್ರಮ್ಮ.

ಹೆಂಡತಿ ಯೋಚಿಸಿ ನನ್ನ ಕಡೆ ತಿರುಗಿದರು. "ನಿನ್ ಹಣೆ ಖಾಲಿ ಇದೆಯಲ್ಲಪ್ಪ. ಅವ್ರ ಬದ್ಲು ನೀನಿಟ್ಕೋ, ಬಾ."

ಅವತ್ತು ಸಂಜೆವರೆಗೂ ವಾರ್ಡಿನವರು ನನ್ನ ನಾಮ ನೋಡಿ ಕಾಲು ಮುಟ್ಟಿದರು.

ಟಿವಿ

ಟ್ರಾಲಿ ಮೇಲೆ ಕಂಡಕ್ಟರು ಪಿಸುಗುಟ್ಟಿದರು. "ಆ ಸ್ಟಿಕ್ಕರಿಂದ ತಲೆ ಒಳಗಿರೋದು ಟಿವೀಲಿ ಕಾಣುತ್ತಾ?"

ಕಾಣುವುದು ಬರೀ ನಂಬರು. ಆದರೆ ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ. "ಎಲ್ಲಾ ಕಾಣುತ್ತೆ" ಅಂದೆ.

ಅವರು ಬೆವತುಬುಟ್ಟರು. ಥಿಯೇಟರ್ ಬಾಗಿಲಲ್ಲಿ ಹೆಂಡತಿಯ ಕೈ ಹಿಡಿದರು. "ಡಾಕ್ಟ್ರ ಬಾಯಲ್ಲಿ ನೀನು ಕೇಳೋದು ಬೇಡ ಕಣೇ, ನಾನೇ ಹೇಳ್ಬುಡ್ತೀನಿ. ಮೂವತ್ತು ವರ್ಷ ಶನಿವಾರ ಒಪ್ಪತ್ತು ಅಂತ ಮನೇಲಿ ಅವಲಕ್ಕಿ ತಿಂದು, ಬಸ್ ಸ್ಟಾಂಡ್ ಹೋಟ್ಲಲ್ಲಿ ಎರಡೆರಡು ಮಸಾಲೆ ದೋಸೆ ಹೊಡೀತಿದ್ದೆ."

ಹೆಂಡತಿ ಒಂದೇ ಮಾತು ಹೇಳಿದರು: "ಎದ್ದು ಬನ್ನಿ, ಆಮೇಲೆ ಮಾತಾಡೋಣ."

ಒಳಗೆ ಡಾಕ್ಟ್ರಮ್ಮ ಬಿಪಿ ಏರಿರುವುದು ನೋಡಿದರು. "ಏನ್ರೀ, ಆಪರೇಷನ್ ಅಂದ್ರೆ ಭಯಾನಾ?"

"ಅದಲ್ಲ ತಾಯಿ. ಆಮೇಲೆ ಎಚ್ಚರ ಆಗುತ್ತಲ್ಲ, ಅದು."

ಪರೀಕ್ಷೆ

ಮಾರನೇ ದಿನ ಐಸಿಯುಗೆ ಬೆಡ್‌ಶೀಟ್ ಒಯ್ದಿದ್ದೆ. ಡಾಕ್ಟ್ರಮ್ಮ ಬೆರಳು ತೋರಿಸಿದರು. "ಎಷ್ಟು?"

"ಮೂರು."

ಕಣ್ಣು ಪಾಸು.

"ಇವರು ಯಾರು?"

"ನಮ್ಮನೆಯೋಳು."

ಹೆಂಡತಿಯ ಕಣ್ಣಲ್ಲಿ ನೀರು.

"ನಿನ್ನೆ ಬೆಳಿಗ್ಗೆ ಇವ್ರಿಗೆ ಏನೋ ಹೇಳಿದ್ರಂತೆ?"

ಕಂಡಕ್ಟರು ಹೆಂಡತಿಯ ಮುಖ ನೋಡಿದರು. "ನಾನಾ? ಏನೂ ನೆನಪಿಲ್ವಲ್ಲ."

"ಶನಿವಾರದ ವಿಷಯ?"

"ಶನಿವಾರ ಅಂದ್ರೆ ಯಾವ್ದು?"

ಡಾಕ್ಟ್ರಮ್ಮನ ಮುಖ ಇಳಿದುಹೋಯಿತು. "ತಲೆ ಸ್ಕ್ಯಾನ್ ಮಾಡಿಸ್ಬೇಕು, ಟ್ರಾಲಿ ತಗೊಂಡ್ ಬಾ" ಅಂದರು ನನಗೆ.

"ಒಂದ್ ನಿಮಿಷ ಡಾಕ್ಟ್ರೇ." ಹೆಂಡತಿ ಸೆರಗಲ್ಲಿ ಕಣ್ಣೊರೆಸಿಕೊಂಡು ಗಂಡನ ಕಿವಿಯ ಹತ್ತಿರ ಬಗ್ಗಿದರು. "ರೀ, ಆ ಹೋಟ್ಲಲ್ಲಿ ದೋಸೆಗೆ ಡಾಲ್ಡಾ ತಾನೆ ಹಾಕ್ತಿದ್ದಿದ್ದು?"

ಕಂಡಕ್ಟರು ಪೈಪು ವೈರುಗಳ ಸಮೇತ ತಲೆ ಎತ್ತಿಬುಟ್ಟರು. "ಡಾಲ್ಡಾನಾ? ಬೆಣ್ಣೆ ಕಣೇ! ನಾನೇ ದೋಸೆ ಕಲ್ಲಿನ ಪಕ್ಕ ನಿಂತು ಹಾಕಿಸ್ತಿದ್ದೆ!"

ಹೆಂಡತಿ ನೆಟ್ಟಗೆ ನಿಂತರು. "ಸ್ಕ್ಯಾನ್ ಬೇಡ ಡಾಕ್ಟ್ರೇ. ಹೃದಯ ನೀವು ನೋಡ್ಕೊಳ್ಳಿ. ಮೆದುಳು ಇನ್ಮೇಲೆ ನಾನು ನೋಡ್ಕೋತೀನಿ."